ಒಪ್ಪತ್ತಿನ ಹುಡುಗಿ

ನಮ್ಮ ಯಲಬುರ್ಗಾದಲ್ಲಿ ಹುಡುಗಿಯೊಬ್ಬಳು ಊಟ ಬಿಟ್ಟರೆ ಎರಡೇ ಕಾರಣ. ಒಂದು ಸಿಟ್ಟು, ಇನ್ನೊಂದು ದೇವರು. ಸಿಟ್ಟಿಗೆ ಬಿಟ್ಟರೆ ಬೈದು ಉಣಿಸುತ್ತಾರೆ, ದೇವರಿಗೆ ಬಿಟ್ಟರೆ ಕೈ ಮುಗಿಯುತ್ತಾರೆ. ಮೂರನೆಯ ಕಾರಣವೂ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಹೊಳೆಯದೇ ಇದ್ದದ್ದು ಮೊದಮೊದಲು ನನಗೆ ಭಾರೀ ಅನುಕೂಲವಾಯಿತು. ಆಮೇಲೆ ಅದೇ ಜೀವಕ್ಕೆ ಬಂತು.

ನನಗೆ ಸಕ್ಕರೆ ಕಾಯಿಲೆ ಬಂದದ್ದು ಒಂಬತ್ತನೆಯ ತರಗತಿಯಲ್ಲಿ. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಕ್ಲಾಸಿನಲ್ಲಿ ಪದೇ ಪದೇ ಎದ್ದು ಹೊರಗೆ ಹೋಗುವುದನ್ನು ಕಂಡು ಟೀಚರು ನಾಟಕ ಮಾಡಬೇಡ ಎಂದರು. ಲಂಗ ಸೊಂಟದಲ್ಲಿ ನಿಲ್ಲದಾದಾಗ ನಮ್ಮವ್ವ ಜಂತುಹುಳ ಎಂದು ಔಷಧ ಕುಡಿಸಿದಳು. ಕೊನೆಗೆ ಒಂದು ಬೆಳಿಗ್ಗೆ ಏಳಲಿಕ್ಕೇ ಆಗದೆ ಬಿದ್ದುಕೊಂಡೆ, ಕೊಪ್ಪಳದ ದವಾಖಾನೆಗೆ ಒಯ್ದರು. ನಾಲ್ಕಾರು ದಿನ ಸಲೈನು ಏರಿಸಿದ ಮೇಲೆ ಅಲ್ಲಿಯ ಡಾಕ್ಟರು ಅಪ್ಪ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಸಮಾಧಾನದಿಂದ ಹೇಳಿದರು.

"ಇದು ವಯಸ್ಸಾದವ್ರಿಗೆ ಬರೋ ಸಕ್ಕರಿ ಅಲ್ರಿ. ಇದಕ್ಕ ಗುಳಿಗಿ ನಡಿಯಂಗಿಲ್ಲ, ಇನ್ಸುಲಿನ್ ಸೂಜಿನ ಬೇಕು, ದಿನಾ ಬೇಕು. ಸೂಜಿ ತಪ್ಪಿಸದಂಗ, ಹೊತ್ತಿಗೆ ಸರಿಯಾಗಿ ಉಂಡ್ರ ಎಲ್ಲಾ ಮಕ್ಕಳಂಗ ಆಡ್ತಾಳ, ಓದ್ತಾಳ."

ನಮ್ಮವ್ವ ಇಷ್ಟರಲ್ಲಿ ಎರಡೇ ಮಾತು ಕೇಳಿಸಿಕೊಂಡಳು: ದಿನಾ, ಸೂಜಿ. ಸೆರಗನ್ನು ಬಾಯಿಗೆ ಹಿಡಿದು ಕೇಳಿದಳು, "ಲಗ್ನ ಆಗೂದ್ರಾಗ ಬಿಡಿಸ್ಬಹುದಲ್ರಿ ಸಾಹೇಬ್ರ?"

"ಬಿಟ್ರ ಜೀವ ಉಳಿಯಂಗಿಲ್ರಿ ಅವ್ವಾರ."

ಊರಿಗೆ ಮರಳುವ ಬಸ್ಸಿನಲ್ಲಿ, ಕುಕನೂರು ದಾಟುವುದರೊಳಗೆ, ಅವ್ವ ಎಲ್ಲ ತೀರ್ಮಾನಿಸಿಬಿಟ್ಟಿದ್ದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ. ಗೆಳತ್ಯಾರ ಮುಂದೂ ಬ್ಯಾಡ, ನಿಮ್ಮಮ್ಮನ ಮುಂದೂ ಬ್ಯಾಡ. ಹೆಣ್ಣ ಕೂಸು ನೀನು. ಟೈಫಾಯ್ಡ್ ಬಂದಿತ್ತು, ಹೋತು. ಅಷ್ಟ." ಅಮ್ಮ ಎಂದರೆ ಬೇವೂರಿನಲ್ಲಿದ್ದ ಅವಳ ತಾಯಿ, ನನ್ನ ಅಜ್ಜಿ. ತನ್ನ ಹೆತ್ತವಳಿಗೂ ಹೇಳಬಾರದ್ದು ನನ್ನ ಮೈಯೊಳಗೆ ಇದೆ ಎಂದು ಕೇಳಿ ನನಗೆ ಅವತ್ತು ನನ್ನ ಬಗ್ಗೆಯೇ ಅಸಹ್ಯವಾಯಿತು.

ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಪಂಪುಗಳ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಮಾತು ಕಡಿಮೆ, ಅವ್ವನೆದುರಿಗಂತೂ ಇನ್ನೂ ಕಡಿಮೆ. ಇನ್ಸುಲಿನ್ ನಮ್ಮೂರಿನ ಔಷಧದ ಅಂಗಡಿಯಲ್ಲಿ ಕೇಳುವ ಹಾಗಿಲ್ಲ, ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಕೊಪ್ಪಳವೂ ಬೇಡ, ಅಲ್ಲಿ ನಮ್ಮ ಬಳಗ ಹೆಚ್ಚು. ಹಾಗಾಗಿ ಅಪ್ಪ ತಂತಿ ತರುವ ನೆವದಲ್ಲಿ ಗಂಗಾವತಿಗೆ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ಕೊಂಡು, ಐಸಿನ ಪೊಟ್ಟಣದ ಜೊತೆ ಚೀಲದಲ್ಲಿ ಮುಚ್ಚಿಕೊಂಡು ಬರುತ್ತಿದ್ದ. ಕಳ್ಳಭಟ್ಟಿ ತರುವವರೂ ಅಷ್ಟು ಹೆದರುತ್ತಿರಲಿಲ್ಲವೇನೋ. ಬಾಟಲಿ ಬೆಣ್ಣೆಯ ಸ್ಟೀಲ್ ಡಬ್ಬಿಯೊಳಗೆ ಕೂತು ಫ್ರಿಜ್ಜಿನ ಮೂಲೆ ಸೇರುತ್ತಿತ್ತು.

ಇಂಥ ಗುಟ್ಟು ಕಾಯಲು ನಮ್ಮ ಮನೆಯಷ್ಟು ಕೆಟ್ಟ ಜಾಗ ಇನ್ನೊಂದಿರಲಿಲ್ಲ. ಅವ್ವ ಜಂಪರು ಹೊಲಿಯುವವಳು. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲೇ ಅಳತೆ ಕೊಡುತ್ತ, ಒಬ್ಬರ ಮೈ ಬಗ್ಗೆ ಇನ್ನೊಬ್ಬರು ಮಾತಾಡುತ್ತ ಕೂತಿರುತ್ತಿದ್ದರು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಸೂಜಿ ಚುಚ್ಚಿಕೊಳ್ಳಬೇಕಿತ್ತು. ಸೂಜಿ ಶುರುವಾದ ಮೇಲೆ ಸೊರಗಿದ ಮೈ ತುಂಬಿಕೊಂಡಿತು. ಅವ್ವ ನನ್ನ ಜಂಪರುಗಳ ಒಳಹೊಲಿಗೆ ಬಿಚ್ಚಿದಳು, ಆಮೇಲೆ ಇನ್ನೊಂದು ಸಲ ಬಿಚ್ಚಿದಳು. ಅಳತೆ ಕೊಡಲು ಬಂದವಳೊಬ್ಬಳು ನನ್ನ ತೋಳು ಹಿಂಡಿ ನಕ್ಕಳು. "ಟೈಫಾಯ್ಡ್ ಹಿಂಗ ಮೈ ತರತೈತಿ ಅಂದ್ರ ನನಗೂ ಬರ್ಲಿ ಯವ್ವಾ." ಎಲ್ಲರೂ ನಕ್ಕರು. ಅವ್ವನೂ ನಗಬೇಕಾಯಿತು. ನನಗೆ ಟೇಪು ತೆಗೆದುಕೊಂಡು ಆ ತೋಳು ಹಿಂಡಿದವಳ ಬಾಯಿಗೆ ಕಟ್ಟಬೇಕೆನಿಸಿತು.

ಅವತ್ತಿನಿಂದ ಅವ್ವ ನನ್ನ ಊಟದ ಕಾವಲಿಗೆ ನಿಂತಳು. ಡಾಕ್ಟರು ಹೊತ್ತಿಗೆ ಸರಿಯಾಗಿ ಉಣ್ಣು ಎಂದಿದ್ದರು, ಅವ್ವ ಅದನ್ನು ಕಡಿಮೆ ಉಣ್ಣು ಎಂದು ತಿಳಿದಳು. ಎರಡನೇ ರೊಟ್ಟಿಗೆ ಕೈ ಚಾಚಿದರೆ ಬುಟ್ಟಿ ಎಳೆದುಕೊಳ್ಳುತ್ತಿದ್ದಳು. ಯಾವ ಡಬ್ಬಿಯ ಮುಚ್ಚಳ ತೆಗೆದರೆ ಎಂಥ ಸಪ್ಪಳ ಎಂಬುದು ಹೊಲಿಗೆ ಮಷೀನಿನ ಗದ್ದಲದಲ್ಲೂ ಅವಳಿಗೆ ತಿಳಿಯುತ್ತಿತ್ತು. "ಏನದು?" ಎಂದು ಅಲ್ಲಿಂದಲೇ ಕೂಗುವಳು. ನಾನು ಜೀರಿಗೆ ತೆಗೆದರೂ ಕಳ್ಳಿಯ ಹಾಗೆ ಉತ್ತರ ಕೊಡಬೇಕಿತ್ತು.

ಇದು ಮನೆಯೊಳಗಿನ ಕಾಯಿದೆ. ಹೊಸ್ತಿಲು ದಾಟಿದರೆ ಕಾಯಿದೆ ತಿರುಗಾಮುರುಗಾ. ಪಂಚಮಿ ಬಂತೆಂದರೆ ನಮ್ಮ ಕಡೆ ಮನೆಮನೆಗೆ ಉಂಡಿ. ಶೇಂಗಾದುಂಡಿ, ಎಳ್ಳುಂಡಿ, ಬುಂದೇ ಉಂಡಿ, ತಂಬಿಟ್ಟು. ಜೋಕಾಲಿ ಆಡಲು ಹೋದ ಹುಡುಗಿಯರ ಕೈಗೆ ಒಂದೊಂದು ಇಟ್ಟೇ ಕಳಿಸುವುದು. ಅವ್ವ ಹೋಗುವ ಮುಂಚೆ ಕಿವಿಯಲ್ಲಿ ಹೇಳುತ್ತಿದ್ದಳು. "ಒಲ್ಲೆ ಅನಬ್ಯಾಡ. ಒಲ್ಲೆ ಅಂದ್ರ ಯಾಕ ಅಂತಾರ. ಯಾಕ ಅಂದ್ರ ಏನ್ ಹೇಳ್ತಿ? ಎಲ್ಲಾರಂಗ ತಿಂದು ಬಾ." ನಾಲ್ಕು ಮನೆ ತಿರುಗಿ ಬಂದರೆ ನಾಲ್ಕು ಉಂಡಿ. ಬಂದಮೇಲೆ ಬೆರಳು ಚುಚ್ಚಿ ಸಕ್ಕರೆ ನೋಡುವ ಮಷೀನಿಗೆ ರಕ್ತ ಹಚ್ಚಿದಾಗ ಬಂದ ಅಂಕಿ ನೋಡಿ ಅವಳೇ ಹಣೆ ಹಣೆ ಬಡಿದುಕೊಳ್ಳುವಳು. ತಿನ್ನದಿದ್ದರೆ ಹೊರಗೆ ಗುಟ್ಟು ರಟ್ಟು, ತಿಂದರೆ ಒಳಗೆ ಗೋಳು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎನ್ನುತ್ತಾರಲ್ಲ, ಹಾಗಿತ್ತು ನನ್ನ ಬಾಳು. ಆ ಉಂಡಿಗಳ ರುಚಿ ಒಂದೂ ನೆನಪಿಲ್ಲ.

ದಾರಿ ಸಿಕ್ಕಿದ್ದು ಅದೇ ಶ್ರಾವಣದಲ್ಲಿ, ಒಂದು ಸೋಮವಾರ. ಎದುರು ಮನೆಯ ಹಿರಿಯಾಕೆಯನ್ನು ಓಣಿಯ ಹುಡುಗರೆಲ್ಲ ದೊಡ್ಡವ್ವ ಎಂದೇ ಕರೆಯುತ್ತಿದ್ದೆವು. ನೇಮ ನಿಷ್ಠೆಯ ಹೆಂಗಸು, ಗಟ್ಟಿ ದನಿ, ಇನ್ನೂ ಗಟ್ಟಿ ಉಪಚಾರ. ಜಂಪರು ಕೊಡಲು ಹೋದವಳ ಕೈಗೆ ಆಕೆ ಹೋಳಿಗೆಯ ತಾಟು ಹಿಡಿಸಿದಳು. ನನಗೆ ಆ ದಿನ ಎಲ್ಲ ಸಾಕಾಗಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. "ಇವತ್ತ ಒಪ್ಪತ್ತು ಹಿಡದೀನಿ ದೊಡ್ಡವ್ವಾ."

ಒಪ್ಪತ್ತು ಎಂದರೆ ದೇವರ ಹೆಸರಿನಲ್ಲಿ ಹಗಲೆಲ್ಲ ಬರಿಹೊಟ್ಟೆಯಲ್ಲಿದ್ದು ಸಂಜೆ ಒಂದೇ ಊಟ ಮಾಡುವುದು. ದೊಡ್ಡವ್ವ ತಾಟನ್ನು ತಟ್ಟನೆ ಹಿಂದಕ್ಕೆ ತೆಗೆದುಕೊಂಡಳು. ತೆಗೆದುಕೊಂಡವಳು ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. "ಇಷ್ಟ ವಯಸ್ಸಿಗೆ ಎಂಥಾ ಬುದ್ಧಿ ನೋಡ್ರಿ ಈ ಕೂಸಿಂದು!" ಜೀವನದಲ್ಲಿ ಮೊದಲ ಸಲ ಯಾಕೆ ಎಂದು ಯಾರೂ ಕೇಳಲಿಲ್ಲ. ಮನೆಗೆ ಬರುವಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಸೋಮವಾರ ಶಿವನದಾಯಿತು. ಶನಿವಾರ ಹನುಮಪ್ಪನದಾಯಿತು. ಕಾಲೇಜು ಸೇರುವ ಹೊತ್ತಿಗೆ ಗುರುವಾರ, ಶುಕ್ರವಾರಗಳಿಗೂ ಒಡೆಯರು ಸಿಕ್ಕಿದ್ದರು. ನಮ್ಮಲ್ಲಿ ದೇವರಿಗೇನು ಬರವೇ? ಅವ್ವನಿಗೂ ಸಮಾಧಾನವಾಯಿತು. ಒಪ್ಪತ್ತಿನ ದಿನ ಮಷೀನಿನ ಅಂಕಿ ಇಳಿದಿರುತ್ತಿತ್ತು, ಓಣಿಯ ಬಾಯಿ ಮುಚ್ಚಿರುತ್ತಿತ್ತು, ಮಗಳಿಗೆ ಹೆಸರು ಬರುತ್ತಿತ್ತು. ಒಂದು ಶನಿವಾರ ಅಪ್ಪ ಆನೆಗೊಂದಿಯ ಹತ್ತಿರದ ಹನುಮಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋದ. ಬರಿಹೊಟ್ಟೆಯಲ್ಲಿ ಮೆಟ್ಟಿಲು ಹತ್ತುತ್ತ ಕೈ ನಡುಗತೊಡಗಿತು, ಬೆವರು ಕಿತ್ತುಕೊಂಡು ಬಂತು, ಕೆಳಗಿನ ಬಾಳೆಯ ತೋಟ ಎರಡೆರಡಾಗಿ ಕಂಡಿತು. ಸಕ್ಕರೆ ಇಳಿದರೆ ಹಾಗಾಗುತ್ತದೆ, ಕೂಡಲೇ ಏನಾದರೂ ಸಿಹಿ ತಿನ್ನಬೇಕು ಎಂದು ಕೊಪ್ಪಳದಲ್ಲಿ ಹೇಳಿಕೊಟ್ಟಿದ್ದರು. ಅಪ್ಪ ಬಾಳೆಹಣ್ಣು ಸುಲಿದು ಬಾಯಿಗೆ ಹಿಡಿದ. ನಾನು ಮುಖ ತಿರುಗಿಸಿದೆ. "ತಿನ್ನ ಯವ್ವಾ, ಯಾರೂ ನೋಡವಲ್ರು," ಎಂದ. ಆ ಮಾತು ಕೇಳಿ ಅಳು ಬಂತು. ಹಣ್ಣು ಹಿಡಿದ ಕೈಯನ್ನು ಅವನು ಇಳಿಸಲೇ ಇಲ್ಲವೆಂದು ಅರ್ಧ ತಿಂದೆ.

ಬರೀ ಓಣಿಯ ಬಾಯಿಗೆ ಹೆದರಿ ಉಪವಾಸ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಹಸಿವು ನನಗೆ ಹಿಡಿಸಿತು. ನನ್ನ ರೊಟ್ಟಿಯನ್ನು ಅವ್ವ ನೋಡಿಕೊಳ್ಳುತ್ತಿದ್ದಳು, ರಕ್ತವನ್ನು ಮಷೀನು ನೋಡುತ್ತಿತ್ತು, ಮೈಯನ್ನು ಓಣಿ ನೋಡುತ್ತಿತ್ತು. ಹಸಿವೊಂದೇ ಯಾರ ಕಣ್ಣಿಗೂ ಬೀಳದೆ ನನ್ನ ಹತ್ತಿರ ಉಳಿದಿತ್ತು. ಮಧ್ಯಾಹ್ನ ಗೆಳತಿಯರು ಡಬ್ಬಿ ಬಿಚ್ಚಿದಾಗ ನಾನು ಸುಮ್ಮನೆ ಕೂತು, ಇವರೆಲ್ಲ ಹೊಟ್ಟೆಬಾಕರು ಎಂದು ಮನಸ್ಸಿನಲ್ಲೇ ಜರೆಯುತ್ತಿದ್ದೆ. ಜಂಪರು ಸಡಿಲವಾದವು. ಬಿಚ್ಚಿದ ಒಳಹೊಲಿಗೆಯನ್ನು ಅವ್ವ ಮತ್ತೆ ಹಿಡಿದಳು. ತೋಳು ಹಿಂಡಿ ನಕ್ಕವಳೇ ಈಗ, "ವ್ರತದ ಕಳಿ ನೋಡ್ರಿ ಮಖದ ಮ್ಯಾಲೆ," ಎಂದಳು. ಅವಳ ಬಾಯಿಂದ ಆ ಮಾತು ಕೇಳಲು ನಾನು ಏನು ಮಾಡಲೂ ತಯಾರಿದ್ದೆ.

ಮಾಡಿದ್ದು ಇದು. ಉಣ್ಣದ ದಿನ ಸೂಜಿ ಯಾಕೆ ಎಂದು ಒಂದು ದಿನ ಅನ್ನಿಸಿತು. ಅವ್ವನನ್ನೂ ಕೇಳಿದೆ. "ಉಂಡ್ರ ಸೂಜಿ. ಉಣ್ಣದಿದ್ರ ಯಾಕ ಚುಚ್ಕೊಂತಿ ಸುಮ್ನ?" ಎಂದಳು. ಇಬ್ಬರಿಗೂ ಅದು ಸರಿಯಾಗಿಯೇ ಕಂಡಿತು. ಹೊಟ್ಟೆ ಖಾಲಿಯಿದ್ದರೂ ಮೈಗೆ ಇನ್ಸುಲಿನ್ ಬೇಕೇ ಬೇಕು, ಅದಿಲ್ಲದಿದ್ದರೆ ರಕ್ತವೇ ವಿಷವಾಗುತ್ತದೆ ಎಂದು ಡಾಕ್ಟರು ಅವತ್ತೇ ಹೇಳಿದ್ದರು, ಸೂಜಿಯ ಭಯದಲ್ಲಿ ಅದು ನಮ್ಮ ತಲೆಗೆ ಹೋಗಿರಲಿಲ್ಲ. ಅದನ್ನು ಮತ್ತೆ ಕೇಳಿ ತಿಳಿಯಲು ಕೊಪ್ಪಳಕ್ಕೆ ಹೋಗಬೇಕಿತ್ತು. ಆದರೆ ಪರೀಕ್ಷೆಗೆ ಬಾ ಎಂದ ದಿನಗಳನ್ನೆಲ್ಲ ಅವ್ವ ಮುಂದಕ್ಕೆ ಹಾಕುತ್ತ ಬಂದಿದ್ದಳು, ಬಸ್ಸಿನಲ್ಲಿ ಯಾರಾದರೂ ಸಿಕ್ಕಾರು ಎಂದು. ಮುಂದೆ ಸೂಜಿ ಬಿಟ್ಟಾಗ ಮೈ ಇಳಿಯುವುದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಅದರ ಜೊತೆಗೆ ಬಂದ ಸುಸ್ತು, ಕಾಲಿನ ಸೆಳೆತ, ಬಾಚಣಿಗೆ ತುಂಬ ಬರುತ್ತಿದ್ದ ಕೂದಲು, ಪುಸ್ತಕದ ಅಕ್ಷರ ಕಲಸಿಹೋಗುವುದು, ಎಲ್ಲವನ್ನೂ ಅವ್ವ ದೃಷ್ಟಿ ತಾಗಿದ್ದೆಂದು ಬಗೆದು ಉಪ್ಪು ಮೆಣಸಿನಕಾಯಿ ನಿವಾಳಿಸಿ ತೆಗೆದಳು.

ದೇವರ ಹೆಸರಿನ ಹಸಿವಾದರೂ ಹಸಿವು ಹಸಿವೇ. ಸಂಜೆಯ ಒಂದು ಊಟಕ್ಕೆ ಕೂತಾಗ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಅವ್ವ ಗಿರಾಕಿಗಳನ್ನು ಕಳಿಸಲು ಅಂಗಳಕ್ಕೆ ಹೋದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಸಕ್ಕರೆಯನ್ನು, ಬೆಲ್ಲವನ್ನು, ತಣ್ಣಗಿನ ರೊಟ್ಟಿಯನ್ನು ಅಗಿಯದೆ ನುಂಗುತ್ತಿದ್ದೆ. ಆಮೇಲೆ ಆ ನಾಚಿಕೆಗೆ ಮರುದಿನ ಇನ್ನೊಬ್ಬ ದೇವರು. ಸೂಜಿ ಹಾಕಿಕೊಳ್ಳುವ ಬೇರೆ ಹುಡುಗಿಯರೂ ಹೀಗೆ ಅನ್ನದ ಜೊತೆ ಗುದ್ದಾಡುತ್ತಾರೆ, ಅದಕ್ಕೆ ಚಿಕಿತ್ಸೆಯಿದೆ, ಕೇಳಿದರೆ ಸಹಾಯವಿದೆ ಎಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಮಾತ್ರ ಜಗತ್ತಿನಲ್ಲಿ ಇಷ್ಟು ಕೆಟ್ಟ ಹುಡುಗಿ ನಾನೊಬ್ಬಳೇ ಎಂದುಕೊಂಡಿದ್ದೆ.

ಹೆಸರು ಬಂದರೆ ಕರೆಯೂ ಬರುತ್ತದೆ. ಇದನ್ನು ನಾನು ಎಣಿಸಿರಲಿಲ್ಲ. ಒಪ್ಪತ್ತಿನ ಹುಡುಗಿ ಎಂದು ಊರೆಲ್ಲ ಗುರುತಾದ ಮೇಲೆ, ಯಾರ ಮನೆಯಲ್ಲಿ ಮುತ್ತೈದೆಯರಿಗೆ ಉಡಿ ತುಂಬಿದರೂ ಕನ್ಯೆಯಾಗಿ ಮಣೆಯ ಮೇಲೆ ಕೂರಲು ನಾನೇ ಬೇಕಾದೆ. ಕಾಲು ತೊಳೆದು, ಕುಂಕುಮ ಹಚ್ಚಿ, ಎಡೆ ಬಡಿಸುವರು. ಎಡೆಯೆಂದರೆ ಹೋಳಿಗೆ, ಕಡಬು, ತುಪ್ಪ, ಹಾಲು. ಅಲ್ಲಿ ಒಪ್ಪತ್ತು ಎನ್ನುವ ಹಾಗಿಲ್ಲ, ಅದು ದೇವಿಯ ಪ್ರಸಾದ, ಬಿಟ್ಟರೆ ಮನೆಯವರಿಗೆ ಕೇಡು. ಉಣ್ಣುವುದನ್ನು ತಪ್ಪಿಸಿಕೊಳ್ಳಲು ದೇವರ ಹಿಂದೆ ಅಡಗಿದವಳನ್ನು ಈಗ ದೇವರ ಹೆಸರಿನಲ್ಲೇ ಹಿಡಿದು ಉಣಿಸುತ್ತಿದ್ದರು. ಉಂಡು ಬಂದು ಮತ್ತೆ ಉಪವಾಸ, ಉಪವಾಸಕ್ಕೆ ಮತ್ತಷ್ಟು ಹೆಸರು, ಹೆಸರಿಗೆ ಮತ್ತೊಂದು ಮಣೆ. ಗಾಣಕ್ಕೆ ಕಟ್ಟಿದ ಎತ್ತಾದರೂ ಸಂಜೆಗೆ ಬಿಚ್ಚಿಸಿಕೊಳ್ಳುತ್ತದೆ.

ಪಿಯುಸಿ ಎರಡನೆಯ ವರ್ಷದ ನವರಾತ್ರಿ ಅದು. ನಮ್ಮ ಕಡೆ ಹೆಣ್ಣುಮಕ್ಕಳು ಒಂಬತ್ತು ದಿನ ಚಪ್ಪಲಿ ಬಿಟ್ಟು, ನಸುಕಿನಲ್ಲೆದ್ದು ಬನ್ನಿಗಿಡಕ್ಕೆ ನೀರು ಹಾಕಿ ಸುತ್ತು ಬರುತ್ತಾರೆ. ನಾನು ಒಂಬತ್ತೂ ದಿನದ ಒಪ್ಪತ್ತು ಹಿಡಿದೆ. ಹಿಡಿಯದಿದ್ದರೆ ಜನ ಏನೆನ್ನುತ್ತಾರೆ ಎನ್ನುವ ಹಂತಕ್ಕೆ ಬಂದಿದ್ದೆ. ಮೊದಲ ಕೆಲವು ದಿನ ರಾತ್ರಿಯ ಸೂಜಿಯನ್ನಾದರೂ ಹಾಕಿಕೊಂಡೆ. ಆಮೇಲೆ ಅದನ್ನೂ ಬಿಟ್ಟೆ. ಅವ್ವನಿಗೆ ಮಾತ್ರ ಹಾಕಿಕೊಂಡೆ ಎಂದೇ ಹೇಳುತ್ತಿದ್ದೆ.

ಅವ್ವ ಬೇರೆಯದೇ ಸಡಗರದಲ್ಲಿದ್ದಳು. ದೊಡ್ಡವ್ವನ ತಂಗಿಯೊಬ್ಬಳು ಕುಷ್ಟಗಿಯಲ್ಲಿದ್ದಳು, ಅನುಕೂಲಸ್ಥರು, ಮಗನಿಗೆ ಬ್ಯಾಂಕಿನಲ್ಲಿ ಕೆಲಸ. ವ್ರತ ಮಾಡುವ ಹುಡುಗಿಯ ಸುದ್ದಿ ಕೇಳಿ ಆಕೆ ಎಂಟನೆಯ ದಿನದ ಪೂಜೆಗೆ ಬರುವವಳಿದ್ದಳು. "ಈಗ ಲಗ್ನದ ಮಾತಲ್ಲ, ಡಿಗ್ರಿ ಮುಗೀಲಿ. ಆದ್ರ ಒಮ್ಮೆ ಕಣ್ಣಿಗೆ ಬಿದ್ರ ಮನಸ್ಸಿನ್ಯಾಗ ಉಳೀತೈತಿ," ಎಂದು ಅವ್ವ ನನಗೆ ಹಸಿರು ಜಂಪರು ಹೊಲಿದಳು. ಎದೆಯ ಸುತ್ತ ಟೇಪು ಹಿಡಿದಾಗ ಅವಳ ಕೈ ಒಂದು ಗಳಿಗೆ ನಿಂತಿತು. ಟೇಪನ್ನು ಇನ್ನೊಂದು ಸಲ ಸುತ್ತಿ ನೋಡಿ ಬಟ್ಟೆಗೆ ಗುರುತು ಹಾಕಿದಳು.

ಎಂಟನೆಯ ದಿನ ಮಧ್ಯಾಹ್ನ ದೊಡ್ಡವ್ವನ ಪಡಸಾಲೆ ತುಂಬಿತ್ತು. ಮಣ್ಣಿನಲ್ಲಿ ಮೊಳೆತ ಕಾಳಿನ ನಡುವೆ ಕಲಶವಿಟ್ಟಿದ್ದರು, ಎರಡು ದೀಪ, ಲೋಬಾನದ ಹೊಗೆ. ನನಗೆ ಬೆಳಗಿನಿಂದ ಹೊಟ್ಟೆ ತೊಳೆಸುತ್ತಿತ್ತು, ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಮಣೆಯ ಮೇಲೆ ಕೂತೆ. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು ಹಾಕಿ ಉಡಿ ತುಂಬಿದರು. ಆ ಭಾರಕ್ಕೆ ಮೈ ಮುಂದಕ್ಕೆ ಬಾಗಿತು. ಉಸಿರು ತಾನಾಗಿಯೇ ದೊಡ್ಡದಾಗತೊಡಗಿತು. ನಿಲ್ಲಿಸಬೇಕೆಂದರೂ ನಿಲ್ಲುತ್ತಿರಲಿಲ್ಲ, ಬುಸುಬುಸು ಎಂದು ಇಡೀ ಪಡಸಾಲೆಗೆ ಕೇಳುವಂತೆ ಬರುತ್ತಿತ್ತು. ತಲೆ ತೂಗಿತು, ಕಣ್ಣು ಅರ್ಧ ಮುಚ್ಚಿದವು.

"ತಾಯಿ ಬಂದಾಳ," ಎಂದು ಯಾರೋ ಅಂದರು.

ಮಾತು ಮುಗಿಯುವುದರೊಳಗೆ ಹೆಂಗಸರೆಲ್ಲ ಎದ್ದು ನಿಂತರು. ನನ್ನ ಹಣೆಗೆ ಭಂಡಾರದ ಅರಿಶಿನ ಬಳಿದರು. ದೊಡ್ಡವ್ವ ಆರತಿ ಎತ್ತಿ ಕೇಳಿದಳು. "ಏನ್ ತಪ್ಪಾಗೇತಿ ಹೇಳ ತಾಯಿ? ಏನ್ ಬೇಕು ಕೇಳು." ನನಗೆ ನೀರು ಬೇಕಿತ್ತು. ನೀರು ಎಂದೆ. ತಂಬಿಗೆಯಲ್ಲಿ ಬೆಲ್ಲದ ಪಾನಕ ತಂದು ಬಾಯಿಗೆ ಹಿಡಿದರು. ನೀರಡಿಕೆಗೆ ಅದನ್ನೇ ಕುಡಿದೆ, ಇನ್ನೊಂದು ತಂಬಿಗೆ ತಂದರು, ಅದನ್ನೂ ಕುಡಿದೆ. "ಎಷ್ಟ್ ನೀರಡಿಸ್ಯಾಳ ನೋಡ್ರಿ ತಾಯಿ," ಎಂದು ಯಾರೋ ಅತ್ತರು.

ನಾನು ನಮ್ಮವ್ವನನ್ನು ಹುಡುಕಿದೆ. ಅವಳು ಗೋಡೆಯ ಹತ್ತಿರ, ಕುಷ್ಟಗಿಯ ಹೆಂಗಸಿನ ಪಕ್ಕದಲ್ಲಿ ನಿಂತಿದ್ದಳು. ಈ ಉಸಿರು, ಈ ನೀರಡಿಕೆ ಏನೆಂದು ಆ ಪಡಸಾಲೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಕೊಪ್ಪಳದಲ್ಲಿ ನನ್ನ ಮಂಚದ ಪಕ್ಕ ಕೂತು ಇದೇ ಉಸಿರನ್ನು ಕೇಳಿದವಳು. ಅವಳು ಓಡಿ ಬರುತ್ತಾಳೆ ಎಂದು ಕಾದೆ. ಅವಳು ಎಲ್ಲರ ಹಾಗೆ ಕೈ ಮುಗಿದಿದ್ದಳು. ನಟನೆಯಲ್ಲ, ಕಣ್ಣಲ್ಲಿ ನೀರಿತ್ತು, ತುಟಿ ಅಲುಗುತ್ತಿತ್ತು. ಇದು ದೇವಿಯೇ ಆಗಿರಲಿ, ಆ ಇನ್ನೊಂದು ಆಗದಿರಲಿ ಎಂದು ಅವಳು ಮನಸಾರೆ ಬೇಡಿಕೊಳ್ಳುತ್ತಿದ್ದಳು. ನಾನು ಇಲ್ಲೇ, ಈ ಮಣೆಯ ಮೇಲೆ, ಇಷ್ಟು ಮಂದಿಯ ಎದುರು ಪೂಜೆ ಮಾಡಿಸಿಕೊಳ್ಳುತ್ತ ಸಾಯುತ್ತೇನೆ ಎಂದು ಆಗ ನನಗೆ ಸ್ಪಷ್ಟವಾಗಿ ತಿಳಿಯಿತು. ವಿಪರೀತ ಹೆದರಿಕೆಯಾಯಿತು. ಹೆದರಿಕೆಗಿಂತ ಸಿಟ್ಟು ಹೆಚ್ಚು ಬಂತು.

"ಶುಗರ್ ಐತಿ," ಎಂದೆ. ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ. "ದವಾಖಾನಿಗೆ ಒಯ್ರಿ."

ದೊಡ್ಡವ್ವ ಇನ್ನಷ್ಟು ಬಾಗಿದಳು. "ಯಾರಿಗೈತಿ ತಾಯಿ? ಯಾರನ್ನ ಒಯ್ಯೂಣು?"

ಅವಳು ಕೇಳಿದ್ದು ನನ್ನನ್ನಲ್ಲ, ದೇವಿಯನ್ನು. ನನ್ನ ಮಾತಾದರೆ ಸುಮ್ಮನೆ ಮಲಗು ಎಂದಾರು, ದೇವಿಯ ಮಾತನ್ನು ಯಾರೂ ಮೀರುವುದಿಲ್ಲ. ಉಳಿದ ಉಸಿರನ್ನೆಲ್ಲ ಒಟ್ಟು ಮಾಡಿ ಹೇಳಿದೆ.

"ಈ ಕೂಸಿಗೆ. ಸೂಜಿ ಬಿಟ್ಟಾಳ. ಅವರವ್ವಗ ಗೊತ್ತೈತಿ, ಕೇಳ್ರಿ."

ಎಲ್ಲರೂ ಅವ್ವನ ಕಡೆ ತಿರುಗಿದರು. ಮುಗಿದ ಕೈ ಹಾಗೇ ಇತ್ತು. ಒಂದು ಸಲ ಕುಷ್ಟಗಿಯ ಹೆಂಗಸಿನ ಮುಖ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಅವಳ ಬಾಯಿಂದ ಬಂದ ಕೂಗನ್ನು ನಾನು ಅದಕ್ಕೂ ಮುಂಚೆ ಕೇಳಿಲ್ಲ, ಆಮೇಲೂ ಕೇಳಿಲ್ಲ. "ಹೌದ್ರೀ! ಐತ್ರೀ! ನನ್ನ ಮಗಳಿಗೆ ಶುಗರ್ ಐತ್ರೀ! ಗಾಡಿ ತರ್ರಿ ಯಾರರೆ!"

ಟಂಟಂ ಗಾಡಿಯಲ್ಲಿ ಅಡ್ಡ ಮಲಗಿಸಿ ಊರಿನ ದವಾಖಾನೆಗೆ ಒಯ್ದರಂತೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕೊಪ್ಪಳಕ್ಕೆ. ದಾರಿಯಲ್ಲಿ ನಿಂತವರು ಟಂಟಂಗೆ ಕೈ ಮುಗಿದರಂತೆ. ಇದೆಲ್ಲ ಅಪ್ಪ ಹೇಳಿದ್ದು. ನನಗೆ ನೆನಪಿರುವುದು ನರ್ಸೊಬ್ಬಳು ಒದ್ದೆ ಅರಿವೆಯಿಂದ ಹಣೆಯ ಭಂಡಾರ ಒರೆಸುತ್ತ, "ಹಬ್ಬದಾಗ ಏನ್ ಅವತಾರವ್ವಾ ಇದು," ಎಂದದ್ದು. ಡಾಕ್ಟರು ಅವ್ವನನ್ನು ಬೈಯುವುದು ಪರದೆಯ ಆಚೆಯಿಂದ ಕೇಳುತ್ತಿತ್ತು. ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಹೆಣ ಒಯ್ಯಬೇಕಿತ್ತು ಎಂದರು.

ಅಪಾಯ ಕಳೆದ ಮೇಲೆ ವಾರ್ಡಿಗೆ ತಂದರು. ಆ ಸಂಜೆ ಅಪ್ಪ ಚಹಾ ತರಲು ಹೊರಗೆ ಹೋಗಿದ್ದ. ಅವ್ವ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡಳು. ಊರಿನ ಸುದ್ದಿಯೆಲ್ಲ ಅವಳಿಗೆ ಮುಟ್ಟಿತ್ತು. ದೇವಿಯೇ ಮೈಮೇಲೆ ಬಂದು ಕೂಸಿನ ಕಾಯಿಲೆ ಹೇಳಿ ಜೀವ ಉಳಿಸಿದಳು ಎಂದು ಯಲಬುರ್ಗಾದ ತುಂಬ ಮಾತಂತೆ. ಮುಚ್ಚಿಟ್ಟದ್ದಕ್ಕೆ ಅವ್ವನನ್ನು ಯಾರೂ ಆಡಿಕೊಳ್ಳುತ್ತಿರಲಿಲ್ಲವಂತೆ. ದೊಡ್ಡವ್ವ ಮುಂದಿನ ನವರಾತ್ರಿಗೆ ನನಗೇ ಮಣೆ ಎಂದು ಈಗಲೇ ಹೇಳಿಟ್ಟಿದ್ದಾಳಂತೆ. ನನ್ನ ಬಾಯಿಂದ ಏನೇನೋ ಕೇಳುವುದಿದೆಯಂತೆ ಮಂದಿಗೆ. ಕುಷ್ಟಗಿಯವರು ಮಾತ್ರ ಏನೂ ಹೇಳಿ ಕಳಿಸಿರಲಿಲ್ಲ.

ಇಷ್ಟು ಹೇಳಿ ಅವ್ವ ನನ್ನ ಕೈಯ ಸಲೈನಿನ ಪಟ್ಟಿಯನ್ನು ಸರಿ ಮಾಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಅವತ್ತ ಮಾತಾಡಿದ್ದು ಯಾರು? ಆಕಿನೋ, ನೀನೋ?"

ನಾನು ಹೊದಿಕೆಯ ಅಂಚು ಎಳೆದುಕೊಂಡೆ.

"ಆಕಿನ ಅಂದ್ರ ಆತು ನೋಡು. ಯಾರೂ ಏನೂ ಅನ್ನೂದಿಲ್ಲ. ನಿನಗೂ ಛಲೋ, ನನಗೂ ಛಲೋ."

ಅವಳ ಮುಖ ನೋಡಿ ಪಾಪ ಎನಿಸಿತು. ಆಕೆಯೇ ಎಂದರೆ ಅವಳ ಮೇಲಿನ ಭಾರ ಇಳಿಯುತ್ತಿತ್ತು. ನಾನು ಮತ್ತೆ ಆ ಮಣೆಗೆ ಹೋಗಿ ಕೂರುತ್ತಿದ್ದೆ, ಕಾಲು ತೊಳೆಸಿಕೊಳ್ಳುತ್ತಿದ್ದೆ, ಒಪ್ಪತ್ತು ಹಿಡಿಯುತ್ತಿದ್ದೆ, ಈ ಸಲ ಇಳಿಯಲು ಯಾರೂ ಬಿಡುತ್ತಿರಲಿಲ್ಲ. ಪಕ್ಕದ ಮಂಚದ ಮುದುಕಿಗೆ ಯಾರೋ ಅನ್ನ ಸಾರು ಕಲಸಿ ಉಣಿಸುತ್ತಿದ್ದರು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ನನ್ನ ಮಂಚಕ್ಕೂ ಬಂತು.

"ನಾನ ಯವ್ವಾ," ಎಂದೆ. "ಮಾತಾಡಿದ್ದು ನಾನ. ನನಗ ಹಸಿವಾಗೇತಿ."

ಅವ್ವ ಬಾಗಿಲ ಕಡೆ ನೋಡಿದಳು, ಯಾರಾದರೂ ಕೇಳಿಸಿಕೊಂಡರೇ ಎಂದು. ಆಮೇಲೆ ನನ್ನ ಕಡೆ ತಿರುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು.

"ಏನ್ ತಿಂತಿ?" ಎಂದು ಕೇಳಿದಳು.

ಕಾಯಿಲೆ ಬಂದಾಗಿನಿಂದ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ತಿನ್ನು ಎಂದಿದ್ದರು, ಬೇಡ ಎಂದಿದ್ದರು. ಉತ್ತರ ಕೊಡಲು ಬಾಯಿ ತೆರೆದೆ. ಅವ್ವ ಕಾಯುತ್ತ ನಿಂತಿದ್ದಳು. ನನಗೆ ಏನು ತಿನ್ನಬೇಕು ಅನ್ನಿಸುತ್ತಿದೆ ಎಂದು ಎಷ್ಟು ಹುಡುಕಿದರೂ ಗೊತ್ತಾಗಲಿಲ್ಲ.